ನೂಂಕಿನಿಂದ ನೂಕುಬಲದವರೆಗೆ

ಜಯನಗರ ನಾಲ್ಕನೇ ಬ್ಲಾಕಿನ ಅಂಗಡಿಸಾಲಿನಲ್ಲಿ ಗಾಜಿನ ಬಾಗಿಲುಗಳ ಮೇಲಿನ ಬರಹ ಓದುತ್ತ ನಡೆದರೆ, ಒಂದೇ ಕೆಲಸಕ್ಕೆ ಕನ್ನಡ ಎಷ್ಟು ಮಾತುಗಳನ್ನು ಇಟ್ಟುಕೊಂಡಿದೆ ಎಂಬುದು ಕಾಣುತ್ತದೆ. ಒಂದು ಬಾಗಿಲು ‘ತಳ್ಳಿ’ ಅನ್ನುತ್ತದೆ, ಪಕ್ಕದ್ದು ‘ದೂಡಿ’, ಅದರಾಚೆಯದು ‘ನೂಕಿ’. ಹುಬ್ಬಳ್ಳಿ-ಧಾರವಾಡದ ಕಡೆಯವರ ಬಾಯಲ್ಲಿ ‘ದಬ್ಬು’ ಕೂಡ ಸೇರಿಕೊಳ್ಳುತ್ತದೆ. ಬಾಗಿಲಿಗೆ ಯಾವುದಾದರೂ ಸರಿ, ತೆರೆದುಕೊಳ್ಳುತ್ತದೆ. ಬಾಗಿಲು ದಾಟಿ ಬೀದಿಗೆ ಬಂದ ಮೇಲೆ ಮಾತ್ರ ಒಂದರ ಜಾಗದಲ್ಲಿ ಇನ್ನೊಂದು ನಿಲ್ಲುವುದಿಲ್ಲ. ಅರ್ಜಿಯನ್ನು ತಳ್ಳಿಹಾಕುತ್ತಾರೆ, ನೂಕಿಹಾಕುವುದಿಲ್ಲ. ಸಭೆಯನ್ನು ಮುಂದೂಡುತ್ತಾರೆ, ಮುಂದಕ್ಕೆ ದೂಡುವುದೇ ಮುಂದೂಡುವುದು. ಸಂಜೆಯ ಹೊತ್ತು ಬನಶಂಕರಿ ಬಸ್ ನಿಲ್ದಾಣದಲ್ಲಿ ಆಗುವುದು ನೂಕುನುಗ್ಗಲು. ಅದನ್ನು ತಳ್ಳುನುಗ್ಗಲು ಎಂದರೆ ಅರ್ಥವಾದೀತು, ಆದರೆ ಕಿವಿ ಒಪ್ಪುವುದಿಲ್ಲ.

ಈ ನಾಲ್ಕರಲ್ಲಿ ‘ನೂಕು’ ನಡೆದ ದಾರಿ ಬಹಳ ಉದ್ದದ್ದು. ರಣರಂಗದ ತೇರಿನ ಜೊತೆ ಹೊರಟ ಮಾತು ಇವತ್ತು ಜೆಟ್ ಎಂಜಿನ್ನಿನ ಬಾಯಿಗೆ ಬಂದು ಮುಟ್ಟಿದೆ. ಎಂಜಿನ್ನು ವಿಮಾನವನ್ನು ಮುಂದಕ್ಕೆ ಒಯ್ಯುವ ಬಲಕ್ಕೆ, ಅಂದರೆ ಥ್ರಸ್ಟ್‌ಗೆ, ಕನ್ನಡದ ವಿಜ್ಞಾನ ಬರಹಗಳಲ್ಲಿ ‘ನೂಕುಬಲ’ ಎಂಬ ಹೆಸರಿದೆ. ಆ ಬಲವನ್ನು ಬೇಕಾದ ಕಡೆಗೆ ತಿರುಗಿಸಿ, ಓಡುದಾರಿಯ ಒಂದು ತುಣುಕಿನಲ್ಲೇ ಇಳಿದು ನಿಲ್ಲುವ ವಿಮಾನಗಳನ್ನು ಹಲವು ದಶಕಗಳಿಂದ ಜಗತ್ತು ಪರೀಕ್ಷಿಸುತ್ತ ಬಂದಿದೆ. ಈ ವಿದ್ಯೆಗೆ ಪತ್ರಿಕೆಗಳು ಬರೆಯುವುದು ‘ಥ್ರಸ್ಟ್ ವೆಕ್ಟರಿಂಗ್’ ಎಂದೇ. ಹೊಸ ಪದ ಟಂಕಿಸುವ ಮೊದಲು ಹಳೆಯ ಪದದ ಒಳಗೆ ಏನಿದೆ ಎಂದು ನೋಡಬೇಕು. ನೂಕು ಎಂಬ ಕ್ರಿಯಾಪದದ ಹೊಟ್ಟೆಯಲ್ಲಿ ದಿಕ್ಕು ಮೊದಲಿನಿಂದಲೂ ಇತ್ತು ಎಂಬುದು ನನ್ನ ನಂಬಿಕೆ. ಅದಕ್ಕೆ ಆಧಾರಗಳನ್ನು ಇಲ್ಲಿ ಒಂದೊಂದಾಗಿ ಇಡುತ್ತೇನೆ.

ಮೊದಲು ರೂಪ. ಹಳಗನ್ನಡದಲ್ಲಿ ಇದು ‘ನೂಂಕು’. ನಡುವಿನ ಸೊನ್ನೆ ಕಾಲಕ್ರಮದಲ್ಲಿ ಉದುರಿತು. ‘ದಾಂಟು’ ದಾಟು ಆದಂತೆ, ‘ಮೀಂಟು’ ಮೀಟು ಆದಂತೆ ನೂಂಕು ನೂಕಾಯಿತು. ‘ಸೋಂಕು’ ಮಾತ್ರ ಸೊನ್ನೆ ಇಟ್ಟುಕೊಂಡೂ ಬಿಟ್ಟೂ ಎರಡು ಮಾತಾಗಿ ಬದುಕಿದೆ: ಮೈಗೆ ಮೈ ತಾಕಿದರೆ ಸೋಕುವುದು, ರೋಗ ತಾಕಿದರೆ ಸೋಂಕು. ನೂಂಕಿಗೆ ಆ ಇಬ್ಭಾಗ ಒದಗಲಿಲ್ಲ. ಸೊನ್ನೆ ಕಳೆದುಕೊಂಡರೂ ಅದು ಹಳೆಯ ಅರ್ಥಗಳನ್ನೆಲ್ಲ ಹೊತ್ತುಕೊಂಡೇ ಮುಂದೆ ಬಂತು.

ಬೇರು ದ್ರಾವಿಡದ್ದು. ತಮಿಳಿನ ಹಳೆಯ ಸಾಹಿತ್ಯದಲ್ಲಿ ‘ನೂಕ್ಕು’ ಇದೆ, ತೆಲುಗಿನಲ್ಲಿ ‘ನೂಕು’ ಇವತ್ತಿಗೂ ದಿನಬಳಕೆಯ ಮಾತು. ಬರೋ ಮತ್ತು ಎಮೆನೊ ಎಂಬ ಇಬ್ಬರು ವಿದ್ವಾಂಸರು ದ್ರಾವಿಡ ಭಾಷೆಗಳ ಇಂಥ ದಾಯಾದಿ ಪದಗಳನ್ನೆಲ್ಲ ಒಂದೊಂದು ಮನೆತನವಾಗಿ ಜೋಡಿಸಿದ ವ್ಯುತ್ಪತ್ತಿ ನಿಘಂಟು ಅಚ್ಚಾದದ್ದು 1961ರಲ್ಲಿ. ಅದೇ ವರ್ಷ ಬೆಂಗಳೂರಿನಲ್ಲಿ ನಡೆದ ಇನ್ನೊಂದು ಸಂಗತಿ ಈ ಪದದ ಕಥೆಗೆ ಬೇಕು, ಅಲ್ಲಿಗೆ ಆಮೇಲೆ ಬರುತ್ತೇನೆ. ಸಂಸ್ಕೃತದಲ್ಲೂ ‘ನುದ್’ ಎಂಬ ಧಾತು ಉಂಟು, ಪ್ರೇರಿಸು, ತಳ್ಳು ಎಂಬ ಅರ್ಥದ್ದು. ‘ನೋದನ’, ‘ವಿನೋದ’ ಎರಡೂ ಅದರ ಮಕ್ಕಳು. ದನಿಯಲ್ಲಿ ಹತ್ತಿರವಿದೆ ಎಂದು ಎರಡನ್ನೂ ಒಂದೇ ಬಳ್ಳಿಗೆ ಕಟ್ಟುವ ಆಸೆ ಹುಟ್ಟುತ್ತದೆ. ನೂಕಿಗೆ ದಕ್ಷಿಣದಲ್ಲೇ ಇಷ್ಟು ಬಂಧುಬಳಗ ಇರುವಾಗ ಅದರ ಅಗತ್ಯ ಇಲ್ಲ. ಹಿಂದಿಯ ಪಾರಿಭಾಷಿಕ ಪದಗಳನ್ನು ಮಾಡಿದವರು ಥ್ರಸ್ಟ್‌ಗೆ ಸಂಸ್ಕೃತದಿಂದ ‘ಪ್ರಣೋದ’ ಎಂಬುದನ್ನು ಎತ್ತಿಕೊಂಡರು. ಕನ್ನಡದವರು ಬೀದಿಯ ನೂಕನ್ನು ತೆಗೆದು ಬಲದ ಪಕ್ಕ ಕೂರಿಸಿದರು. ಈ ಆಯ್ಕೆ ಮಾಡಿದವರು ಯಾರೇ ಆಗಿರಲಿ, ಅವರ ಕಿವಿ ಸೂಕ್ಷ್ಮವಾಗಿತ್ತು.

ಇನ್ನು ಕಾವ್ಯ. ಹತ್ತನೇ ಶತಮಾನದ ಪಂಪನಿಂದ ಹಿಡಿದು ಹದಿನೈದನೇ ಶತಮಾನದ ಗದುಗಿನ ನಾರಣಪ್ಪನವರೆಗೆ ಯುದ್ಧವರ್ಣನೆ ಬಂದಲ್ಲೆಲ್ಲ ಈ ಮಾತು ಕಾಣಿಸಿಕೊಳ್ಳುತ್ತದೆ. ಗಮನಿಸಬೇಕಾದದ್ದು, ಅಲ್ಲಿ ನೂಕುವವನು ಹಿಂದೆ ನಿಂತು ಭುಜ ಕೊಟ್ಟು ತಳ್ಳುವವನಲ್ಲ. ಮಾವಟಿಗ ಆನೆಯನ್ನು ನೂಕುತ್ತಾನೆ, ಅಂಕುಶ ಹಿಡಿದು ಅದರ ಕತ್ತಿನ ಮೇಲೆ ಕುಳಿತು. ಸಾರಥಿ ರಥವನ್ನು ನೂಕುತ್ತಾನೆ, ಕುದುರೆಗಳ ವಾಘೆ ಕೈಯಲ್ಲಿಟ್ಟುಕೊಂಡು. ನೂಕು ಎಂದರೆ ಇಲ್ಲಿ ಹರಿಯಗೊಡು, ಹಾಯಿಸು, ಇಂಥವನ ಎದುರಿಗೆ ಒಯ್ದು ನಿಲ್ಲಿಸು. ಬಲ ಆನೆಯದು, ಕುದುರೆಯದು. ನೂಕುವವನ ಕೆಲಸ ಆ ಬಲಕ್ಕೆ ಗುರಿ ಕೊಡುವುದು. ಬಲ ಹುಟ್ಟಿಸುವುದಕ್ಕೂ ದಿಕ್ಕು ಕೊಡುವುದಕ್ಕೂ ಇರುವ ವ್ಯತ್ಯಾಸವನ್ನು ನಮ್ಮ ಕವಿಗಳು ಒಂದೇ ಕ್ರಿಯಾಪದದಲ್ಲಿ ಹಿಡಿದಿಟ್ಟಿದ್ದರು.

ನಾರಣಪ್ಪನ ಕಾಲದ ನಡುಗನ್ನಡದಲ್ಲಿ ನೂಕಿಗೆ ಇನ್ನೊಂದು ಬಾಳೂ ಇತ್ತು. ಕರ್ಮಪದ ಬೇಡದೆ ತಾನೇ ನಡೆಯುವ ಬಾಳು. ಸೇನೆ ನೂಕಿತು ಎಂದರೆ ಮುನ್ನುಗ್ಗಿತು. ‘ನೂಕದು’ ಎಂದರೆ ಸಾಗದು, ನಡೆಯದು, ಇದು ನಿನ್ನಿಂದ ಆಗುವ ಮಾತಲ್ಲ. ಈ ‘ನೂಕದು’ ಇವತ್ತಿನ ಮಾತಿನಿಂದ ಮರೆಯಾಗಿದೆ, ನನಗೆ ಅದರ ಬಗ್ಗೆ ಸಂಕಟವಿದೆ. ‘ಆಗದು’ ಎಂಬುದರಲ್ಲಿ ಬಾಗಿಲು ಮುಚ್ಚಿಬಿಡುತ್ತದೆ. ‘ನೂಕದು’ ಎಂಬುದರಲ್ಲಿ ಒಬ್ಬ ಪ್ರಯತ್ನ ಮಾಡಿದ್ದಾನೆ, ಅವನ ಬಲ ಸಾಲದಾಗಿದೆ, ಭಾರ ಅಲ್ಲೇ ನಿಂತಿದೆ ಎಂಬ ಇಡೀ ಚಿತ್ರವಿದೆ. ‘ಹೇಗೋ ದಿನ ನೂಕ್ತಾ ಇದೀವಿ’ ಎಂದು ಹಿರಿಯರು ಹೇಳುವಾಗ ಆ ಹಳೆಯ ಅರ್ಥದ ಎಳೆಯೊಂದು ಇನ್ನೂ ಮಿಡಿಯುತ್ತದೆ. ದಿನಗಳು ತಾವಾಗಿ ಸರಿಯುತ್ತಿಲ್ಲ, ಒಂದೊಂದನ್ನೂ ಮುಂದಕ್ಕೆ ಒಯ್ಯಬೇಕಾಗಿದೆ.

ಇನ್ನು ವ್ಯಾಕರಣದ ಸಾಕ್ಷಿ. ನೂಕು ಬಂದಲ್ಲಿ ಪಕ್ಕದಲ್ಲೇ ‘ಎಲ್ಲಿಗೆ’ ಎಂಬ ಪ್ರಶ್ನೆ ಎದ್ದು ನಿಲ್ಲುತ್ತದೆ. ಹೊರಕ್ಕೆ ನೂಕಿದರು, ಸೆರೆಗೆ ನೂಕಿದರು, ಸಾಲ ಅವರನ್ನು ಬಡತನಕ್ಕೆ ನೂಕಿತು. ನಾಲ್ಕನೇ ವಿಭಕ್ತಿ ಅದರ ಬೆನ್ನಿಗೇ ಇರುತ್ತದೆ. ಅದರ ಪಕ್ಕ ‘ಒತ್ತು’ ಇಟ್ಟು ನೋಡಿ. ಕರೆಗಂಟೆ ಒತ್ತಿದೆ, ಕಾಲು ಒತ್ತಿದೆ, ಸೀರೆಯ ನೆರಿಗೆ ಒತ್ತಿದೆ. ಯಾವ ಕಡೆಗೆ ಎಂದು ಇಲ್ಲಿ ಯಾರೂ ಕೇಳುವುದಿಲ್ಲ. ಈಗ ಶಾಲೆಯ ವಿಜ್ಞಾನಪಾಠಕ್ಕೆ ಹೋಗೋಣ. ದಿಕ್ಕು ಉಳ್ಳ ಪರಿಮಾಣವನ್ನು ಅಲ್ಲಿ ‘ಸದಿಶ’ ಎನ್ನುತ್ತಾರೆ, ದಿಕ್ಕು ಇಲ್ಲದ್ದನ್ನು ‘ಅದಿಶ’. ಥ್ರಸ್ಟ್ ಸದಿಶ, ಅದಕ್ಕೆ ನೂಕುಬಲ ಎಂಬ ಹೆಸರು. ಪ್ರೆಶರ್ ಅದಿಶ, ಅದಕ್ಕೆ ಒತ್ತಡ ಎಂಬ ಹೆಸರು. ಭೌತವಿಜ್ಞಾನ ಲೆಕ್ಕ ಹಾಕಿ ಬಿಡಿಸಿದ ವ್ಯತ್ಯಾಸವನ್ನು ಕನ್ನಡದ ಎರಡು ಸಾದಾ ಕ್ರಿಯಾಪದಗಳು ವಿಭಕ್ತಿಯಲ್ಲೇ ಇಟ್ಟುಕೊಂಡಿದ್ದವು. ಮೇಷ್ಟರುಗಳು ಇದನ್ನು ತರಗತಿಯಲ್ಲಿ ಹೇಳಿದರೆ ಮಕ್ಕಳಿಗೆ ಸೂತ್ರವೂ ನೆನಪಿರುತ್ತದೆ, ಭಾಷೆಯೂ ನೆನಪಿರುತ್ತದೆ.

ದಕ್ಷಿಣ ಬೆಂಗಳೂರಿಗೆ ಈ ಬಗೆಯ ಯೋಚನೆ ಹೊಸದಲ್ಲ. ನಿಘಂಟುತಜ್ಞ ಜಿ. ವೆಂಕಟಸುಬ್ಬಯ್ಯನವರು ನೆಲೆಸಿದ್ದು ಜಯನಗರದಲ್ಲಿ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿಗಾಗಿ ದುಡಿದವರು ಅವರು. ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ವರ್ಷಗಟ್ಟಲೆ ಓದುಗರ ಪದಸಂದೇಹಗಳನ್ನು ಬಿಡಿಸಿದವರೂ ಅವರೇ. 2021ರ ಏಪ್ರಿಲ್‌ನಲ್ಲಿ, 107ರ ವಯಸ್ಸಿನಲ್ಲಿ ತೀರಿಕೊಂಡರು. ಬನಶಂಕರಿ ಎರಡನೇ ಹಂತದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ವಿಜ್ಞಾನ ಭವನವಿದೆ. ‘ಬಾಲ ವಿಜ್ಞಾನ’ ಮಾಸಪತ್ರಿಕೆ ಆ ಪರಿಷತ್ತಿನದು. ಹಳ್ಳಿಯ ಹುಡುಗನಿಗೂ ಅರ್ಥವಾಗುವ ಕನ್ನಡದಲ್ಲಿ ರಾಕೆಟ್ಟು, ಉಪಗ್ರಹ, ಎಂಜಿನ್ನುಗಳನ್ನು ವಿವರಿಸುವ ಕೆಲಸವನ್ನು ಆ ಪತ್ರಿಕೆ ಪ್ರೀತಿಯಿಂದ ಮಾಡಿತು. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಎಚ್. ನರಸಿಂಹಯ್ಯನವರು 1962ರಲ್ಲಿ ಕಟ್ಟಿದ ಬೆಂಗಳೂರು ಸೈನ್ಸ್ ಫೋರಂ ಕೂಡ ಇದೇ ನೆಲದ್ದು. ಪದ ತೂಗುವವರೂ ವಿಜ್ಞಾನ ಹೇಳುವವರೂ ಒಂದೇ ಬಸ್ಸಿನಲ್ಲಿ ಓಡಾಡುವಷ್ಟು ಹತ್ತಿರ ಇದ್ದರು. ವಿಮಾನ ಕಟ್ಟುವವರು ಮಾತ್ರ ಊರಿನ ಪೂರ್ವಕ್ಕೆ, ಎಚ್‌ಎಎಲ್ ಗೋಡೆಯ ಆಚೆಗೆ.

ಆ ಗೋಡೆಯ ಆಚೆ 1961ರ ಜೂನ್ 17ರಂದು ನಡೆದದ್ದನ್ನು ಈಗ ಹೇಳಬೇಕು. ಜರ್ಮನಿಯಿಂದ ಬಂದ ಕುರ್ಟ್ ಟ್ಯಾಂಕ್ ಅವರ ಮುಂದಾಳ್ತನದಲ್ಲಿ ಬೆಂಗಳೂರಿನಲ್ಲೇ ರೂಪುಗೊಂಡ ಎಚ್‌ಎಫ್-24 ಎಂಬ ಯುದ್ಧವಿಮಾನ ಅಂದು ಮೊದಲ ಬಾರಿ ಹಾರಿತು. ಹಾರಿಸಿದವರು ಸುರಂಜನ್ ದಾಸ್. ಅದಕ್ಕೆ ಇಟ್ಟ ಹೆಸರು ‘ಮಾರುತ್’. ಅದರ ಒಡಲಲ್ಲಿ ಎರಡು ಆರ್ಫಿಯಸ್ ಎಂಜಿನ್ನುಗಳಿದ್ದವು. ಇಂಗ್ಲೆಂಡಿನ ಬ್ರಿಸ್ಟಲ್‌ನವರ ಈ ಎಂಜಿನ್ನನ್ನು ಇಲ್ಲೇ ತಯಾರಿಸಲೆಂದು ಎಚ್‌ಎಎಲ್ 1957ರಲ್ಲಿ ಬೆಂಗಳೂರಿನಲ್ಲಿ ಎಂಜಿನ್ ವಿಭಾಗವನ್ನೇ ತೆರೆದಿತ್ತು.

ಮಾರುತ್‌ನ ಚೆಲುವು ಒಂದು ಕಡೆ, ಅದರ ಕೊರತೆ ಇನ್ನೊಂದು ಕಡೆ. ಶಬ್ದದ ವೇಗದ ಎರಡು ಪಟ್ಟು ಹೋಗಬೇಕೆಂಬ ಲೆಕ್ಕದಲ್ಲಿ ಮೈಕಟ್ಟು ರೂಪಿಸಿದ್ದರು. ಆ ಲೆಕ್ಕ ನಿಂತಿದ್ದು ಸುಮಾರು 3,700 ಕೆ.ಜಿ. ನೂಕುಬಲದ ಆರ್ಫಿಯಸ್ 12 ಎಂಬ ಎಂಜಿನ್ನಿನ ಮೇಲೆ. ಬ್ರಿಟನ್ ಆ ಎಂಜಿನ್ನಿನ ಕೆಲಸವನ್ನು ನಡುವಿನಲ್ಲೇ ಕೈಬಿಟ್ಟಿತು. ಕೈಗೆ ಸಿಕ್ಕಿದ್ದು ಸುಮಾರು 2,200 ಕೆ.ಜಿ.ಯ ಆರ್ಫಿಯಸ್ 703. ಶಬ್ದವೇಗವನ್ನು ಮುಟ್ಟುವಷ್ಟರಲ್ಲೇ ಅದರ ತಾಕತ್ತು ಮುಗಿಯುತ್ತಿತ್ತು. ನಡುಗನ್ನಡದ ‘ನೂಕದು’ ಎಂಬ ಮಾತಿಗೆ ಇದಕ್ಕಿಂತ ನೋವಿನ ಉದಾಹರಣೆ ನನಗೆ ಹೊಳೆಯುವುದಿಲ್ಲ. ಬಲ ಹೆಚ್ಚಿಸಲೆಂದು ಅದೇ ಎಂಜಿನ್ನಿಗೆ ಹಿಂಬದಿಯಲ್ಲಿ ಮತ್ತೊಮ್ಮೆ ಇಂಧನ ಉರಿಸುವ ಏರ್ಪಾಟು ಮಾಡಿ ಪರೀಕ್ಷಿಸುತ್ತಿದ್ದಾಗ, 1970ರ ಜನವರಿ 10ರಂದು, ಸುರಂಜನ್ ದಾಸ್ ಅಪಘಾತದಲ್ಲಿ ತೀರಿಕೊಂಡರು. ಹಳೆ ಮದ್ರಾಸು ರಸ್ತೆಯಿಂದ ಎಚ್‌ಎಎಲ್ ಕಡೆಗೆ ಹೋಗುವ ದಾರಿಗೆ ಅವರದೇ ಹೆಸರಿದೆ. ಇಷ್ಟೆಲ್ಲ ಆದರೂ 147 ಮಾರುತ್‌ಗಳು ಇಲ್ಲಿ ತಯಾರಾದವು, 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಹೋರಾಡಿದವು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಒಂದು ನಿಂತಿದೆ. ಶಾಲೆಯ ಪ್ರವಾಸದಲ್ಲಿ ಅದರ ರೆಕ್ಕೆಯ ಕೆಳಗೆ ನಿಂತು ಬುತ್ತಿ ಬಿಚ್ಚಿದ ಮಕ್ಕಳಿಗೆ ಆ ಹಿಂಬದಿಯ ಎರಡು ಬಾಯಿಗಳ ಕಥೆಯನ್ನೂ ಯಾರಾದರೂ ಹೇಳಲಿ ಎಂಬುದು ನನ್ನ ಆಸೆ.

ಕಥೆಯ ಇನ್ನೊಂದು ಟಿಸಿಲು ಆರ್ಫಿಯಸ್‌ನಿಂದಲೇ ಒಡೆಯುತ್ತದೆ. ಮಿಶೆಲ್ ವಿಬೊ ಎಂಬ ಫ್ರೆಂಚ್ ವಿನ್ಯಾಸಕ, ಎಂಜಿನ್ನಿನ ಗಾಳಿಯನ್ನು ತಿರುಗುವ ಕೊಳವೆಬಾಯಿಗಳಿಂದ ಕೆಳಮುಖವಾಗಿ ಬಿಟ್ಟರೆ ವಿಮಾನ ನೇರ ಮೇಲೇಳಬಹುದು ಎಂಬ ವಿಚಾರವನ್ನು 1950ರ ದಶಕದಲ್ಲಿ ಮುಂದಿಟ್ಟ. ಬ್ರಿಸ್ಟಲ್‌ನ ಎಂಜಿನಿಯರುಗಳು ಆ ವಿಚಾರಕ್ಕೆ ಮೈ ಕೊಡಲು ಹೊರಟಾಗ ಒಳತಿರುಳಾಗಿ ಆರಿಸಿಕೊಂಡದ್ದು ಆರ್ಫಿಯಸ್ಸನ್ನೇ. ಅದರ ಮುಂದೆ ದೊಡ್ಡ ಬೀಸಣಿಗೆ, ಪಕ್ಕಗಳಲ್ಲಿ ನಾಲ್ಕು ತಿರುಗುಬಾಯಿಗಳು. ಮುಂದಿನ ಎರಡರಿಂದ ತಣ್ಣಗಿನ ಗಾಳಿ, ಹಿಂದಿನ ಎರಡರಿಂದ ಉರಿದ ಗಾಳಿ. ಹೀಗೆ ಹುಟ್ಟಿದ ಎಂಜಿನ್ನು ಪೆಗಸಸ್. ಅದನ್ನು ಹೊತ್ತ ಪಿ.1127 ಎಂಬ ಪ್ರಾಯೋಗಿಕ ವಿಮಾನ 1960ರ ಅಕ್ಟೋಬರ್ 21ರಂದು, ಹಗ್ಗಗಳಿಗೆ ಕಟ್ಟಿಸಿಕೊಂಡೇ, ನೆಲದಿಂದ ನೇರ ಮೇಲೆದ್ದಿತು. ಮಾರುತ್ ಹಾರುವುದಕ್ಕೆ ಎಂಟು ತಿಂಗಳು ಮೊದಲು. ಬೆಂಗಳೂರಿನಲ್ಲಿ ಸಾಲದೆ ಹೋದ ಎಂಜಿನ್ನಿನ ಮನೆತನವೇ ಇಂಗ್ಲೆಂಡಿನಲ್ಲಿ ದಿಕ್ಕು ಬದಲಿಸಲು ಕಲಿತು ಬೇರೊಂದು ಬಾಳು ಪಡೆಯಿತು.

ಪಿ.1127ರ ಸಂತತಿಯೇ ಹ್ಯಾರಿಯರ್. ಅದರ ಚಾಲಕನ ಎಡಗೈಗೆ ಎರಡು ಸನ್ನೆಗಳು ಸಿಗುತ್ತವೆ. ಒಂದು ಥ್ರಾಟಲ್: ಎಷ್ಟು ನೂಕಬೇಕು ಎಂಬುದಕ್ಕೆ. ಅದರ ಪಕ್ಕದ್ದು ಎಲ್ಲಿಗೆ ನೂಕಬೇಕು ಎಂಬುದಕ್ಕೆ. ವಿಭಕ್ತಿಯ ಬಗ್ಗೆ ನಾನು ಮೇಲೆ ಹೇಳಿದ್ದು ಇಲ್ಲಿ ಲೋಹದಲ್ಲೇ ಎರಕವಾಗಿದೆ. ಬಾಯಿಗಳನ್ನು ಹಿಂದಕ್ಕಿಟ್ಟರೆ ವಿಮಾನ ಮುಂದಕ್ಕೆ, ಕೆಳಕ್ಕಿಟ್ಟರೆ ಗಾಳಿಯಲ್ಲೇ ನಿಲ್ಲುತ್ತದೆ, ತುಸು ಮುಂದಕ್ಕೆ ಓರೆ ಮಾಡಿದರೆ ವೇಗ ಕುಂದುತ್ತದೆ. ಮಿಕ್ಕ ವಿಮಾನಗಳು ಇಳಿದು ನಿಲ್ಲುತ್ತವೆ, ಹ್ಯಾರಿಯರ್ ನಿಂತು ಇಳಿಯುತ್ತದೆ. 1983ರ ಡಿಸೆಂಬರ್‌ನಲ್ಲಿ ಭಾರತೀಯ ನೌಕಾದಳದ ಸೀ ಹ್ಯಾರಿಯರ್‌ಗಳು ಗೋವಾಕ್ಕೆ ಬಂದವು. ಹಳೆಯ ವಿಕ್ರಾಂತ್, ಆಮೇಲೆ ವಿರಾಟ್, ಎರಡೂ ಹಡಗುಗಳ ಮೇಲಿಂದ ಹಾರಿ 2016ರಲ್ಲಿ ನಿವೃತ್ತಿಯಾದವು. ಮೂವತ್ತೆರಡು ವರ್ಷಕ್ಕೂ ಹೆಚ್ಚು ಕಾಲ ನಮ್ಮ ಕಾರವಾರ ಕರಾವಳಿಗೆ ಇಷ್ಟು ಹತ್ತಿರದಲ್ಲಿ ಈ ವಿದ್ಯೆ ಜೀವಂತವಿತ್ತು.

ಹ್ಯಾರಿಯರ್ ನೂಕನ್ನು ಸಂಪೂರ್ಣ ಕೆಳಕ್ಕೆ ತಿರುಗಿಸಿತು. ಅಷ್ಟೇನೂ ತಿರುಗಿಸದೆ, ಎಂಜಿನ್ನಿನ ಹಿಂಬಾಯಿಯಲ್ಲಿ ಗಾಳಿಯನ್ನು ಸ್ವಲ್ಪ ಬಾಗಿಸಿದರೂ ಸಾಕು ಎಂಬ ಇನ್ನೊಂದು ದಾರಿಯೂ ಇತ್ತು. ಆ ದಾರಿಯ ಅತ್ಯಂತ ಧೈರ್ಯದ ಪ್ರಯೋಗ ಎಕ್ಸ್-31. ಅಮೆರಿಕ ಮತ್ತು ಜರ್ಮನಿ ಸೇರಿ ಕಟ್ಟಿದ ಈ ಪುಟ್ಟ ವಿಮಾನ 1990ರ ಅಕ್ಟೋಬರ್‌ನಲ್ಲಿ ಹಾರಿತು. ಅದರ ಎಂಜಿನ್ನು ಜಿಇ ಕಂಪನಿಯ ಎಫ್404. ಬೆಂಗಳೂರಿನ ತೇಜಸ್‌ನಲ್ಲಿರುವುದೂ ಅದೇ ಎಫ್404ರ ಒಂದು ರೂಪವೇ. ಆರ್ಫಿಯಸ್‌ನಂತೆ ಇಲ್ಲೂ ಒಂದೇ ಮನೆತನದ ಎಂಜಿನ್ನು, ನಮ್ಮಲ್ಲಿ ಒಂದು ವಿಮಾನಕ್ಕೆ, ಅಲ್ಲಿ ದಿಕ್ಕು ತಿರುಗಿಸುವ ಪ್ರಯೋಗಕ್ಕೆ.

ಎಕ್ಸ್-31ರ ಎಂಜಿನ್ನಿನ ಹಿಂದೆ, ಬೆಂಕಿಗಾಳಿ ಹೊರಬೀಳುವಲ್ಲಿ, ಇಂಗಾಲದ ನಾರಿನಿಂದ ಮಾಡಿದ ಮೂರು ಹಲಗೆಗಳಿದ್ದವು. ತೇರು ಎಳೆಯುವಾಗ ಚಕ್ರದಡಿಗೆ ಮರದ ಕೊರಡು ಕೊಟ್ಟು ದಿಕ್ಕು ತಿರುಗಿಸುವವರನ್ನು ನೋಡಿದ್ದೀರಲ್ಲ, ಸಾವಿರ ಜನರ ಬಲ ಒಂದು ಕೊರಡಿನ ಮಾತು ಕೇಳುತ್ತದೆ. ಹಾಗೆ ಈ ಹಲಗೆಗಳು ಗಾಳಿಯೊಳಗೆ ಅಷ್ಟಿಷ್ಟು ಚಾಚಿ ಅದನ್ನು ಬಾಗಿಸುತ್ತಿದ್ದವು. ಗಾಳಿ ಬಾಗಿದ ಕಡೆಗೆ ಎದುರಾಗಿ ವಿಮಾನದ ಬಾಲ ಸರಿಯುತ್ತಿತ್ತು.

ಇದರಿಂದ ಇಳಿಯುವುದಕ್ಕೇನು ಲಾಭ? ವಿಮಾನ ನಿಧಾನವಾದಷ್ಟೂ ರೆಕ್ಕೆ ಎತ್ತಿಹಿಡಿಯುವ ಬಲ ಕುಸಿಯುತ್ತದೆ, ವೇಗ ಅರ್ಧವಾದರೆ ಬಲ ಕಾಲುಭಾಗ. ಅದನ್ನು ತುಂಬಿಕೊಳ್ಳಲು ಮೂತಿ ಮೇಲೆತ್ತಬೇಕು. ತೀರಾ ಎತ್ತಿದರೆ ರೆಕ್ಕೆಯ ಮೇಲಿನ ಗಾಳಿ ಸುಳಿಗಟ್ಟಿ ಬಿಟ್ಟುಹೋಗುತ್ತದೆ. ಬಾಲದ ಚುಕ್ಕಾಣಿಗೂ ಆಗ ಹಿಡಿತ ಉಳಿಯುವುದಿಲ್ಲ, ಯಾಕೆಂದರೆ ಚುಕ್ಕಾಣಿ ಬದುಕುವುದು ಹೊರಗಿನ ಗಾಳಿಯ ರಭಸದಿಂದ. ಎಂಜಿನ್ನಿನ ಗಾಳಿಗೆ ಆ ಹಂಗಿಲ್ಲ. ಹೊರಗೆ ಏನೇ ಆಗಲಿ, ಎಂಜಿನ್ನು ಉರಿಯುವ ತನಕ ಅದು ರಭಸದಿಂದಲೇ ಬರುತ್ತದೆ. ಆದ್ದರಿಂದ ಮಿಕ್ಕ ವಿಮಾನಗಳು ಅಂಕೆ ತಪ್ಪುವ ನಿಧಾನದಲ್ಲೂ ಇದು ಚಾಲಕನ ಮಾತು ಕೇಳುತ್ತದೆ.

2003ರ ಏಪ್ರಿಲ್‌ನಲ್ಲಿ ಅಮೆರಿಕದ ಪಟಕ್ಸೆಂಟ್ ರಿವರ್ ನೆಲೆಯಲ್ಲಿ ಎಕ್ಸ್-31 ಇದನ್ನು ನೆಲ ಮುಟ್ಟಿ ತೋರಿಸಿತು. ಮಾಮೂಲಿಯಾಗಿ ಅದು ಇಳಿಯುವ ವೇಗ ಗಂಟೆಗೆ ಸುಮಾರು 324 ಕಿ.ಮೀ. ಅಂದು ಮೂತಿಯನ್ನು 24 ಡಿಗ್ರಿ ಎತ್ತಿಕೊಂಡು 224 ಕಿ.ಮೀ.ಗೆ ಇಳಿಯಿತು. ಇಳಿದು ನಿಲ್ಲಲು ಬೇಕಿದ್ದ ಸುಮಾರು 2,400 ಮೀಟರ್ ದೂರ 520 ಮೀಟರಿಗೆ ಕುಗ್ಗಿತು. ಜಯನಗರ ಮೆಟ್ರೊ ನಿಲ್ದಾಣದಿಂದ ಪಕ್ಕದ ನಿಲ್ದಾಣದವರೆಗಿನ ದಾರಿಯೂ ಅದಕ್ಕಿಂತ ಉದ್ದ. ಅಷ್ಟು ಮೂತಿ ಎತ್ತಿ ಇಳಿದರೆ ಬಾಲ ಮೊದಲು ನೆಲಕ್ಕೆ ಉಜ್ಜುತ್ತದೆ, ಹಲಗೆಗಳು ಚೂರಾಗುತ್ತವೆ. ಅದಕ್ಕೆ ಉಪಗ್ರಹದ ನೆರವಿನಿಂದ ಎತ್ತರವನ್ನು ಸೆಂಟಿಮೀಟರ್ ಲೆಕ್ಕದಲ್ಲಿ ಅಳೆಯುತ್ತ, ನೆಲ ಮುಟ್ಟುವ ಮುನ್ನಿನ ಕ್ಷಣದಲ್ಲಿ ಕಂಪ್ಯೂಟರೇ ಮೂತಿಯನ್ನು ಬಗ್ಗಿಸಿತು. ಮನುಷ್ಯನ ಕೈಗೆ ಎಟುಕದ ಚುರುಕು ಅದು. ಎಕ್ಸ್-31ರಿಂದ ಯಾವ ಯುದ್ಧವಿಮಾನವೂ ನೇರವಾಗಿ ಹುಟ್ಟಲಿಲ್ಲ. ಆದರೂ ವಿಮಾನವಿದ್ಯೆಯ ಅತ್ಯಂತ ಸುಂದರ ಪ್ರಯೋಗಗಳಲ್ಲಿ ಇದನ್ನು ನಾನು ಎಣಿಸುತ್ತೇನೆ.

ಈ ವಿದ್ಯೆಯನ್ನು ಬೆಂಗಳೂರಿಗರು ಕಣ್ಣಾರೆ ಕಂಡದ್ದು ಯಲಹಂಕದ ಏರೋ ಇಂಡಿಯಾ ವಿಮಾನ ಪ್ರದರ್ಶನದಲ್ಲಿ. ಬನಶಂಕರಿ, ಬಿಟಿಎಂ ಬಡಾವಣೆಗಳಿಂದ ಬೆಳಗ್ಗೆಯೇ ಹೊರಟು ಊರಿನ ಇನ್ನೊಂದು ತುದಿ ಸೇರಿ ಬಿಸಿಲಿನಲ್ಲಿ ಕತ್ತೆತ್ತಿ ನಿಂತವರು ಸುಖೋಯ್-30 ಎಂಕೆಐ ಆಕಾಶದಲ್ಲಿ ಮೂತಿ ಎತ್ತಿ, ಬಹುತೇಕ ನಿಂತೇಬಿಟ್ಟು, ಅಲ್ಲೇ ಹೊರಳುವುದನ್ನು ನೋಡಿದ್ದಾರೆ. ಅದರ ಎರಡು ಎಂಜಿನ್ನುಗಳ ಹಿಂಬಾಯಿಗಳು ಹದಿನೈದು ಡಿಗ್ರಿಯಷ್ಟು ಮೇಲೆ ಕೆಳಗೆ ಬಾಗುತ್ತವೆ, ಬಾಗುವ ನೇರ ಹೊರಕ್ಕೆ 32 ಡಿಗ್ರಿ ಓರೆ. ಒಂದು ಮೇಲೆ, ಇನ್ನೊಂದು ಕೆಳಗೆ ಬಾಗಿದರೆ ವಿಮಾನ ಪಕ್ಕಕ್ಕೂ ಹೊರಳುತ್ತದೆ. ಆ ವಿಮಾನದ ಮಿಷನ್ ಕಂಪ್ಯೂಟರುಗಳು ರೂಪುಗೊಂಡದ್ದು ನಮ್ಮ ಊರಿನ ಡಿಆರ್‌ಡಿಒ ಪ್ರಯೋಗಾಲಯದಲ್ಲಿ. 2025ರ ಫೆಬ್ರುವರಿಯಲ್ಲಿ ರಷ್ಯಾದ ಸುಖೋಯ್-57 ಕೂಡ ಇಂಥದೇ ಬಾಯಿಗಳ ಜೊತೆ ಯಲಹಂಕದ ಮೇಲೆ ಹಾರಿತು. ಇಸ್ರೊದ ಪಿಎಸ್‌ಎಲ್‌ವಿ ರಾಕೆಟ್ಟಿನ ಮೊದಲ ಹಂತದಲ್ಲಿ ಬಾಯಿಯೇ ಬಾಗುವುದಿಲ್ಲ. ಒಳಗೆ ಪಕ್ಕದಿಂದ ಸ್ಟ್ರಾನ್ಷಿಯಂ ಪರ್‌ಕ್ಲೋರೇಟ್ ದ್ರಾವಣವನ್ನು ಚಿಮ್ಮಿಸಿ ಹರಿವನ್ನು ಓರೆ ಮಾಡುತ್ತಾರೆ. ದಾರಿ ಬೇರೆ, ಕೆಲಸ ಒಂದೇ.

ಬೆಂಗಳೂರಿನಲ್ಲೇ ರೂಪುಗೊಂಡ ನೌಕಾ ತೇಜಸ್‌ಗೆ ತಿರುಗುಬಾಯಿ ಇಲ್ಲ. ಅದು ಸಣ್ಣ ಜಾಗದಲ್ಲಿ ಏರುವುದಕ್ಕೂ ಇಳಿಯುವುದಕ್ಕೂ ಬೇರೆ ಉಪಾಯಗಳಿವೆ. ಏರುವಾಗ ಹಡಗಿನ ಮೂತಿಯ ಸುಮಾರು 14 ಡಿಗ್ರಿಯ ಏರು ಇಡೀ ವಿಮಾನವನ್ನೇ ಮೇಲ್ಮುಖ ಮಾಡಿ ಬಿಡುತ್ತದೆ. ನೂಕು ತಿರುಗುವ ಬದಲು ನೆಲವೇ ತಿರುಗಿದಂತಾಯಿತು. ಇಳಿಯುವಾಗ ಬಾಲದ ಕೊಕ್ಕೆ ಹಡಗಿನ ಮೇಲೆ ಅಡ್ಡ ಕಟ್ಟಿದ ಉಕ್ಕಿನ ಹಗ್ಗವನ್ನು ಹಿಡಿಯಬೇಕು. 2019ರ ಸೆಪ್ಟೆಂಬರ್ 13ರಂದು ಗೋವಾದ ನೆಲದ ಮೇಲೆ, 2020ರ ಜನವರಿ 11ರಂದು ವಿಕ್ರಮಾದಿತ್ಯ ಹಡಗಿನ ಮೇಲೆ, 2023ರ ಫೆಬ್ರುವರಿ 6ರಂದು ಹೊಸ ವಿಕ್ರಾಂತ್ ಮೇಲೆ ಅದು ಹೀಗೆ ಇಳಿಯಿತು. ವಿಕ್ರಮಾದಿತ್ಯದ ಮೇಲೆ ಇಳಿಸಿದವರು ಕಮೊಡೊರ್ ಜೈದೀಪ್ ಮಾವಲಂಕರ್. ಹಡಗಿನ ಮೇಲೆ ಹೀಗೆ ಇಳಿಯುವುದರಲ್ಲಿ ಒಂದು ವಿಚಿತ್ರವಿದೆ: ಚಕ್ರ ಹಡಗು ಮುಟ್ಟಿದ ಕ್ಷಣ ಚಾಲಕ ಎಂಜಿನ್ನನ್ನು ತಗ್ಗಿಸುವುದಿಲ್ಲ, ಪೂರ್ತಿ ಏರಿಸುತ್ತಾನೆ. ಕೊಕ್ಕೆ ಹಗ್ಗ ತಪ್ಪಿದರೆ ಮತ್ತೆ ಹಾರಿಹೋಗುವಷ್ಟು ನೂಕುಬಲ ಕೈಯಲ್ಲಿರಬೇಕು. ಹಗ್ಗ ಹಿಂದಕ್ಕೆ, ಎಂಜಿನ್ನು ಮುಂದಕ್ಕೆ. ಹಗ್ಗ ಗೆದ್ದ ಮೇಲೆಯೇ ವಿಮಾನ ಇಳಿದಂತೆ.

ನೂಕೇ ಇಲ್ಲದೆ ಇಳಿಯುವುದನ್ನೂ ಕರ್ನಾಟಕ ಕಂಡಿದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿಯ ವೈಮಾನಿಕ ಪರೀಕ್ಷಾ ವಲಯದಲ್ಲಿ ಇಸ್ರೊ 2023ರಿಂದ 2024ರವರೆಗೆ ಮೂರು ಬಾರಿ ತನ್ನ ರೆಕ್ಕೆಯ ನೌಕೆಯನ್ನು ಹೆಲಿಕಾಪ್ಟರಿನಿಂದ ಸುಮಾರು 4.5 ಕಿ.ಮೀ. ಎತ್ತರದಲ್ಲಿ ಕಳಚಿಬಿಟ್ಟಿತು. ‘ಪುಷ್ಪಕ್’ ಎಂಬ ಆ ನೌಕೆಯಲ್ಲಿ ಎಂಜಿನ್ನಿಲ್ಲ. ತಾನೇ ದಾರಿ ಹುಡುಕಿಕೊಂಡು ಓಡುದಾರಿಗೆ ಬಂದು ಗಂಟೆಗೆ 320 ಕಿ.ಮೀ.ಗಿಂತ ಹೆಚ್ಚಿನ ವೇಗದಲ್ಲಿ ಇಳಿದು, ಬಾಲದ ಕೊಡೆ ಬಿಚ್ಚಿಕೊಂಡು ವೇಗವನ್ನು ನೂರರ ಹತ್ತಿರಕ್ಕೆ ತಂದುಕೊಂಡಿತು. ಎಕ್ಸ್-31ರ ಮಾಮೂಲಿ ಇಳಿಯುವ ವೇಗಕ್ಕೂ ಇದಕ್ಕೂ ಹೆಚ್ಚು ಅಂತರವಿಲ್ಲ. ಎಕ್ಸ್-31 ನೂಕನ್ನು ತಿರುಗಿಸಿ ಕಳೆದುಕೊಂಡ ಆ ನೂರು ಕಿಲೋಮೀಟರಿನ ಬೆಲೆ ಏನೆಂದು ಚಳ್ಳಕೆರೆಯ ಬಯಲಿನಲ್ಲಿ ನಿಂತರೆ ತಿಳಿಯುತ್ತದೆ.

ಈಗ ಪದಕ್ಕೆ ಮರಳಿದರೆ, ಥ್ರಸ್ಟ್ ವೆಕ್ಟರಿಂಗ್‌ಗೆ ‘ನೂಕುಬಲ ಸದಿಶೀಕರಣ’ ಎಂಬಂಥ ಪದವನ್ನು ಯಾರಾದರೂ ಮುಂದಿಟ್ಟರೆ ನಾನು ಒಪ್ಪುವುದಿಲ್ಲ. ಬಲ ಯಾವಾಗಲೂ ಸದಿಶವೇ ಆಗಿರುವಾಗ ಅದನ್ನು ಸದಿಶ ಮಾಡುವುದೇನು? ಬದಲಾಗುವುದು ಅದರ ದಿಕ್ಕು ಮಾತ್ರ. ‘ನೂಕುತಿರುವು’ ಎಂದರೆ ಬಾಯಿಗೆ ಹಗುರ, ಹಳ್ಳಿಯ ಶಾಲೆಯಲ್ಲೂ ವಿವರಣೆ ಬೇಡ. ತಿರುಗುವ ಆ ಹಿಂಬಾಯಿಗೆ ‘ತಿರುಗುಬಾಯಿ’ ಸಾಕು. ಸಾಹಿತ್ಯ ಪರಿಷತ್ತಿನ ನಿಘಂಟು ಮುಂದೆ ಪರಿಷ್ಕಾರವಾಗುವ ದಿನ ‘ನೂಕು’ ಪದದ ಕೆಳಗೆ, ರಥವನ್ನು ಹರಿಯಿಸು, ಆನೆಯನ್ನು ಛೂಬಿಡು, ಮುನ್ನುಗ್ಗು, ಸಾಗು, ಹೊರಹಾಕು, ದಿನ ಕಳೆ ಎಂಬ ಅರ್ಥಗಳ ಸಾಲಿನ ಕೊನೆಯಲ್ಲಿ ಇನ್ನೊಂದನ್ನು ಸೇರಿಸಬೇಕೆಂದು ಸಂಪಾದಕರನ್ನು ಕೇಳಿಕೊಳ್ಳುತ್ತೇನೆ: ಎಂಜಿನ್ನಿನ ಗಾಳಿಯ ರಭಸದಿಂದ ವಿಮಾನವನ್ನು ಬೇಕಾದ ದಿಕ್ಕಿಗೆ ಒಯ್ಯು. ಉದಾಹರಣೆಗೆ ಮಾರುತ್, ಹ್ಯಾರಿಯರ್, ಎಕ್ಸ್-31, ಸುಖೋಯ್ ಇವೆಯಲ್ಲ. ಪಕ್ಕದಲ್ಲಿ ‘ನೂಕದು’ ಎಂಬುದಕ್ಕೂ ಒಂದು ಸಾಲು ಜಾಗ ಇರಲಿ.